ತರ್ಫಾಳ ಬಾಗಿಲು, ಹದಿನಾಲ್ಕನೇ ಬಿಲ್ಲೆ

ನಮ್ಮ ಹುಫೂಫ್‌ನಲ್ಲಿ ಟೈರ್ ಅಂಗಡಿಗಳ ಸಾಲು ಮುಗಿಯುವ ಕಡೆ ಒಂದು ಅರಮನೆ ಇದೆ. ರಾಜರು ಯಾರೂ ಅಲ್ಲಿ ಇದ್ದಿದ್ದಿಲ್ಲ. ನಾಲ್ಕು ಕಂಬಕ್ಕೆ ಚಿನ್ನದ ಬಣ್ಣ ಬಳಿದು ಮದುವೆಗೆ ಬಾಡಿಗೆಗೆ ಬಿಟ್ಟರೆ ನಮ್ಮಲ್ಲಿ ಅದಕ್ಕೆ ಅರಮನೆ ಎಂದೇ ಹೆಸರು. ಗಂಡಸರಿಗೆ ಮುಂದಿನ ಬಾಗಿಲು, ಹೆಂಗಸರಿಗೆ ಹಿಂದಿನದು. ಆ ಹಿಂದಿನ ಬಾಗಿಲಲ್ಲಿ ಹತ್ತೊಂಬತ್ತು ವರ್ಷ ಕುರ್ಚಿ ಹಾಕಿಕೊಂಡು ಕುಳಿತವಳು ತರ್ಫಾ. ಒಳಗೆ ಉದ್ದ ಮೂತಿಯ ಹೂಜಿ ಹಿಡಿದು ಮುನ್ನೂರು ಹೆಂಗಸರಿಗೆ ಕಾಫಿ ಬಗ್ಗಿಸುವವಳು ನಾನು, ಸಬೀಕಾ. ಕಾಫಿಯವಳ ಮುಖವನ್ನು ಯಾರೂ ನೋಡುವುದಿಲ್ಲ. ಹಾಗಾಗಿ ಎಲ್ಲರ ಮುಖವನ್ನೂ ನೋಡಲು ನನಗೆ ಬೇಕಾದಷ್ಟು ಪುರುಸೊತ್ತು ಸಿಕ್ಕಿದೆ.

ತರ್ಫಾಳ ಕೆಲಸ ಇಷ್ಟೇ, ಒಳಗೆ ಹೋಗುವವರ ಕೈಯಿಂದ ಫೋನು ತೆಗೆದುಕೊಂಡು ಗೂಡಿನಲ್ಲಿಡುವುದು. ಬಾಗಿಲು ದಾಟಿದ ಮೇಲೆ ಮೈತುಂಬ ಹೊದ್ದ ಕಪ್ಪು ಅಬಾಯಾಗಳು ಗೂಟಕ್ಕೆ ಹೋಗುತ್ತವೆ. ಕೂದಲು ಬಿಚ್ಚುತ್ತದೆ, ಗಂಡ ಕನಸಿನಲ್ಲೂ ಕಾಣದಂಥ ಗೌನುಗಳು ಹೊರಬರುತ್ತವೆ. ದಫ್ಫು ಬಡಿಯುವ ಹೆಂಗಸರು ಶುರು ಹಚ್ಚಿಕೊಂಡರೆ ಮಂಡಿನೋವಿನ ಅಜ್ಜಿಯರೂ ಎದ್ದು ಕುಣಿಯುತ್ತಾರೆ. ವರ್ಷವಿಡೀ ಮಾವ, ಮೈದುನ, ಕಾರು ಓಡಿಸುವವ, ತರಕಾರಿಯವ ಎಂದು ಮುಚ್ಚಿಟ್ಟುಕೊಂಡ ಮೈಗಳು ಅಲ್ಲಿ ಮೂರು ತಾಸು ಉಸಿರಾಡುತ್ತವೆ. ಒಂದು ಫೋಟೋ ಹೊರಗೆ ಹೋದರೆ ಒಂದು ಮನೆ ಒಡೆಯಿತೆಂದೇ ಲೆಕ್ಕ. ಹತ್ತೊಂಬತ್ತು ವರ್ಷದಲ್ಲಿ ತರ್ಫಾಳ ಬಾಗಿಲಿನಿಂದ ಒಂದೂ ಹೋಗಿರಲಿಲ್ಲ. ಹೆಣ್ಣಿನ ಕಡೆಯವರು ಅರಮನೆ ನೋಡಲು ಬಂದರೆ ಊಟ, ದೀಪಾಲಂಕಾರ ಎಲ್ಲ ಆಮೇಲೆ. "ಬಾಗಿಲಲ್ಲಿ ಉಮ್ಮ್ ಜಲ್ವಿ ಇರ್ತಾರೆ ತಾನೆ?" ಎನ್ನುವುದು ಮೊದಲ ಪ್ರಶ್ನೆ. ಜಲ್ವಿ ಅವಳ ಮಗ. ಊರೆಲ್ಲ ಅವಳನ್ನು ಮಗನ ಹೆಸರಿನಿಂದ ಜಲ್ವಿಯ ತಾಯಿ ಎಂದು ಮರ್ಯಾದೆಯಾಗಿ ಕರೆಯುತ್ತದೆ. ನಾನು ಮಾತ್ರ ತರ್ಫಾ ಎನ್ನುತ್ತೇನೆ, ಒಂದೇ ಓಣಿಯಲ್ಲಿ ಮೂಗು ಸೋರಿಸಿಕೊಂಡು ಆಡಿದವರಿಗೆ ಮರ್ಯಾದೆ ಎಲ್ಲಿಂದ ಬರಬೇಕು?

ಅವಳ ಕಣ್ಣು ತಪ್ಪಿಸುವುದು ಸುಲಭವಿರಲಿಲ್ಲ. ತುರುಬಿನೊಳಗೆ ಫೋನು ಸಿಕ್ಕಿಸಿಕೊಂಡು ಬಂದವರಿದ್ದರು, ಮಗುವಿನ ಚಡ್ಡಿಯೊಳಗೆ ಇಟ್ಟು ತಂದವರಿದ್ದರು. ಒಬ್ಬಳಂತೂ ಮದುಮಗಳ ಮನೆಯ ಖರ್ಜೂರದ ಡಬ್ಬಿಯ ತಳದಲ್ಲಿ ಹೂತು ತಂದಿದ್ದಳು. ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎನ್ನುವ ಜಾತಿ ತರ್ಫಾಳದು.

"ಕೊಡಮ್ಮ," ಎನ್ನುತ್ತಿದ್ದಳು.

"ಕೊಟ್ಟೆನಲ್ಲ ಖಾಲಾ."

"ಅದು ಕೊಡೋಕೇಂತ ತಂದಿದ್ದು. ಕೊಡದೆ ಇರೋಕೆ ತಂದಿದ್ದು ಎಲ್ಲಿ?"

ಎರಡನೆಯದೂ ಹೊರಬರುತ್ತಿತ್ತು. ಫೋನಿಗೆ ಬದಲಾಗಿ ಒಂದು ಹಿತ್ತಾಳೆ ಬಿಲ್ಲೆ, ಅದರ ಮೇಲೆ ಗೂಡಿನ ಸಂಖ್ಯೆ. ಹೋಗುವಾಗ ಬಿಲ್ಲೆ ಕೊಟ್ಟು ಫೋನು ತೆಗೆದುಕೊಳ್ಳಬೇಕು.

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಎರಡು ವರ್ಷದ ಹಿಂದೆ ಒಂದು ಮದುವೆಯಲ್ಲಿ ಇಬ್ಬರು ಹೆಂಗಸರ ಬಿಲ್ಲೆಗಳು ಕುಣಿತದ ಗದ್ದಲದಲ್ಲಿ ಅದಲುಬದಲಾದವು. ಇಬ್ಬರದೂ ಒಂದೇ ಬಗೆಯ ಫೋನು, ಒಂದೇ ಬಗೆಯ ಬಂಗಾರದ ಬಣ್ಣದ ಕವಚ. ಒಬ್ಬಳ ಫೋನು ಇನ್ನೊಬ್ಬಳ ಮನೆಗೆ ಹೋಯಿತು. ಆ ಮನೆಯ ಅತ್ತೆ ಅದರಲ್ಲಿ ಬಂದ ಸಂದೇಶಗಳನ್ನು ಸೊಸೆಯವೆಂದೇ ತಿಳಿದು ಓದಿ, ಯಾರೋ ಯಾರಿಗೋ ಬೈದದ್ದನ್ನು ತನಗೇ ಬೈದಳೆಂದು ಎದೆ ಬಡಿದುಕೊಂಡು, ಮೂರು ದಿನ ಓಣಿಯಲ್ಲಿ ರಂಪವಾಯಿತು. ತರ್ಫಾಳಿಗೆ ಅದು ದೊಡ್ಡ ಅವಮಾನ. ಒಂದು ವಾರ ಊಟ ಬಿಟ್ಟಳು. ಎಂಟನೆಯ ದಿನ ಉಪಾಯ ಹೊಳೆಯಿತು. ಕೆಲವರಿಗೆ ಹಸಿದ ಹೊಟ್ಟೆಯಲ್ಲಿ ಉಪಾಯ ಹೊಳೆಯಬಾರದು ಎಂದು ನನಗೆ ಆಗಲೇ ತಿಳಿದಿದ್ದರೆ ಅವಳ ಬಾಯಿಗೆ ನಾನೇ ಅನ್ನ ತುರುಕುತ್ತಿದ್ದೆ.

ಉಪಾಯ ಹೀಗಿತ್ತು. ಹೆಂಗಸು ಫೋನು ಕೊಟ್ಟ ಮೇಲೆ ಅವಳ ಬಿಲ್ಲೆಯನ್ನು ಗಲ್ಲದ ಕೆಳಗೆ ಹಿಡಿದು ನಿಲ್ಲಬೇಕು. ತರ್ಫಾ ತನ್ನ ಫೋನಿನಲ್ಲಿ ಅವಳ ಫೋಟೋ ತೆಗೆಯುತ್ತಾಳೆ. ಹೋಗುವಾಗ ಮುಖ, ಬಿಲ್ಲೆ ಎರಡನ್ನೂ ತಾಳೆ ನೋಡಿ ಫೋನು ಕೊಡುತ್ತಾಳೆ. ಅಬಾಯಾ ಹೊದ್ದುಕೊಂಡಾಗ ಎಲ್ಲರೂ ಒಂದೇ ಥರ ಕಾಣುತ್ತಾರಲ್ಲ? ಆದ್ದರಿಂದ ಅದನ್ನು ಗೂಟಕ್ಕೆ ಹಾಕಿದ ಮೇಲೆಯೇ ಫೋಟೋ.

ಮೊದಲ ದಿನವೇ ನಾನು ಹೂಜಿ ಕೆಳಗಿಟ್ಟು ಕೇಳಿದೆ. "ಅಲ್ಲ ಕಣೇ ತರ್ಫಾ, ಫೋಟೋ ತೆಗೀಬಾರದು ಅಂತ ಕೂತಿರೋಳು ನೀನು. ನೀನೇ ತೆಗೀತಿದೀಯಲ್ಲ?"

"ಇದು ಫೋಟೋ ಅಲ್ಲ ಸಬೀಕಾ, ರಶೀದಿ."

"ರಶೀದಿಗೆ ತುಟಿಗೆ ಬಣ್ಣ ಯಾಕೆ ಹಚ್ಕೊಂಡಿದಾಳೆ ಆ ಹುಡುಗಿ?"

"ನಿನ್ನ ಕಾಫಿ ಆರ್ತಿದೆ, ನಡಿ."

ಹೆಂಗಸರು ಏನಂದರು ಎಂದು ಕೇಳುತ್ತೀರಾ? ಒಬ್ಬಳೂ ಏನೂ ಅನ್ನಲಿಲ್ಲ. ಕ್ಯಾಮೆರಾ ಎಂದರೆ ಹಾವು ಕಂಡಂತೆ ಚೀರುವವರು ತರ್ಫಾಳ ಮುಂದೆ ಸಾಲಾಗಿ ನಿಂತು, ಕೂದಲು ಸರಿಮಾಡಿಕೊಂಡು, "ಈ ಕಡೆಯಿಂದ ತೆಗಿ ಖಾಲಾ, ಆ ಕೆನ್ನೇಲಿ ಮೊಡವೆ ಇದೆ," ಎಂದರು. ಉಮ್ಮ್ ಜಲ್ವಿ ನಮ್ಮವಳು. ನಮ್ಮವಳ ಕೈಯಲ್ಲಿರುವ ಫೋನೂ ನಮ್ಮದೇ ಎಂದು ಎಲ್ಲರ ಎಣಿಕೆ. ಆ ಫೋನು ಯಾರದು ಎಂದು ಯಾರೂ ಫೋನನ್ನೇ ಕೇಳಲಿಲ್ಲ.

ಆ ಫೋನನ್ನು ಅವಳಿಗೆ ಕೊಟ್ಟವನು ಮಗ ಜಲ್ವಿ. ನೀರಿನ ಇಲಾಖೆಯಲ್ಲಿ ಕೆಲಸ, ತಾಯಿಯೆಂದರೆ ಪ್ರಾಣ, ತಾಳ್ಮೆ ಮಾತ್ರ ಕಡಿಮೆ. ತಾನು ಹೊಸದು ತೆಗೆದುಕೊಂಡು ಹಳೆಯದನ್ನು ತಾಯಿಗೆ ದಾಟಿಸಿದ. ತನ್ನ ಖಾತೆ, ತಾಯಿಯ ಖಾತೆ ಎಂದು ಬೇರೆ ಮಾಡುವ ಗೋಜಿಗೆ ಹೋಗಲಿಲ್ಲ. ಮನೆಗೆಲ್ಲ ಒಂದೇ ಖಾತೆ, ಒಂದೇ ಗುಪ್ತಪದ. ಗುಪ್ತಪದ ಯಾವುದೆಂದರೆ ಜಲ್ವಿ. ಅವತ್ತು ನಾನು ಅವರ ಮನೆಯಲ್ಲಿಯೇ ಇದ್ದೆ. ಫೋನು ಒಂದೊಂದೇ ಪ್ರಶ್ನೆ ಕೇಳುತ್ತಿತ್ತು. ನಿಮ್ಮ ಚಿತ್ರಗಳನ್ನು ನೋಡಬಹುದೇ? ನೀವು ಎಲ್ಲಿದ್ದೀರಿ ಎಂದು ತಿಳಿಯಬಹುದೇ? ನಿಮ್ಮ ಮಾತು ಕೇಳಿಸಿಕೊಳ್ಳಬಹುದೇ?

"ಏನೋ ಕೇಳ್ತಿದೆಯಲ್ಲೋ," ಎಂದಳು ತರ್ಫಾ.

"ಎಲ್ಲದಕ್ಕೂ 'ಅನುಮತಿಸು' ಅಂತ ಒತ್ತಮ್ಮ. ಇಲ್ದಿದ್ರೆ ಮುಂದಕ್ಕೆ ಹೋಗಲ್ಲ ಅದು."

ಹತ್ತೊಂಬತ್ತು ವರ್ಷ ಬಾಗಿಲಲ್ಲಿ ಕುಳಿತು ಮಂತ್ರಿಯ ಹೆಂಡತಿಗೂ ಅನುಮತಿ ಕೊಡದಿದ್ದ ಹೆಂಗಸು ಹನ್ನೊಂದು ಸಲ 'ಅನುಮತಿಸು' ಒತ್ತಿದಳು. ನಾನು ಎಣಿಸಿದ್ದೆ. ಬೆರಳು ನೋಯುತ್ತದೆ ಎಂದು ಕೊನೆಯ ಎರಡನ್ನು ನನ್ನ ಕೈಯಿಂದಲೇ ಒತ್ತಿಸಿದಳು, ಆದ್ದರಿಂದ ಈ ಕತೆಯಲ್ಲಿ ನನ್ನದೂ ಎರಡು ಪಾಲಿದೆ.

ಆರು ತಿಂಗಳಿಗೆ ಫೋನು ಗೊಣಗತೊಡಗಿತು. ಜಾಗ ಸಾಲುತ್ತಿಲ್ಲ, ಫೋಟೋಗಳನ್ನು ಇಲ್ಲಿಂದ ತೆಗೆಯಲೇ ಎಂದು ಕೇಳಿತು. ತರ್ಫಾಳಿಗೆ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ತೆಗಿ ಎಂದು ಒತ್ತಿದಳು. ನೋಡಿದರೆ ಫೋನು ಖಾಲಿ, ಒಂದು ಮುಖವೂ ಇಲ್ಲ. ಅಲ್ಲಿಂದ ಮುಂದೆ ಪ್ರತಿ ಮದುವೆಯ ಮರುದಿನ ಇದೊಂದು ವ್ರತವೇ ಆಯಿತು. "ಎಲ್ಲಾ ಸುಟ್ಟು ಬೂದಿ ಮಾಡ್ದೆ ಕಣೇ," ಎಂದು ನನಗೆ ತೋರಿಸುತ್ತಿದ್ದಳು. ಫೋನು ಏನನ್ನೂ ಸುಟ್ಟಿರಲಿಲ್ಲ. 'ಇಲ್ಲಿಂದ' ತೆಗೆಯಲೇ ಎಂದು ಕೇಳಿತ್ತು, ಇಲ್ಲಿಂದ ತೆಗೆದಿತ್ತು, ಅಷ್ಟೆ. ಅಲ್ಲಿಗೆ ಮೊದಲೇ ಸಾಗಿಸಿ ಆಗಿತ್ತು. ಅಲ್ಲಿ ಎಂದರೆ ಎಲ್ಲಿ ಎಂದು ಕೇಳುವ ಬುದ್ಧಿ ನಮ್ಮಿಬ್ಬರಿಗೂ ಇರಲಿಲ್ಲ.

ಈ ವರ್ಷ ಚಳಿಗಾಲದಲ್ಲಿ ಜಲ್ವಿ ಫುಟ್‌ಬಾಲ್ ನೋಡಲೆಂದು ಮನೆಯ ಮಜ್ಲಿಸ್‌ಗೆ, ಅಂದರೆ ಗಂಡಸರ ಕೋಣೆಗೆ, ಒಂದು ಹೊಸ ಟೀವಿ ತಂದ. ಒಂದು ಗೋಡೆಯಷ್ಟು ದೊಡ್ಡದು. ಅದೂ ಖಾತೆ ಕೇಳಿತು, ಇವನು ಮನೆಯ ಖಾತೆಯನ್ನೇ ಕೊಟ್ಟ. ಅದೂ ಅನುಮತಿ ಕೇಳಿತು. ವಂಶದಲ್ಲಿ ಬಂದ ಗುಣ, ಇವನೂ ಒತ್ತಿದ.

ಅದಾಗಿ ಎರಡು ವಾರಕ್ಕೆ ನಮ್ಮ ಓಣಿಯದೇ ಒಂದು ಮದುವೆ ಅರಮನೆಯಲ್ಲಿ ನಡೆಯಿತು. ಓಣಿಯ ಹೆಂಗಸರೆಲ್ಲ ಬಂದರು, ಬಿಲ್ಲೆ ಹಿಡಿದು ನಿಂತರು, ಕುಣಿದು ಸುಸ್ತಾದರು. ಮುದಾವಿ ಎನ್ನುವವಳು ಕಡುಹಸಿರು ಗೌನಿನಲ್ಲಿ ಬಂದಿದ್ದಳು. ಮೂರು ಮಕ್ಕಳ ತಾಯಿ, ನಮ್ಮ ಓಣಿಯಲ್ಲೇ ಮಸೀದಿ ಪಕ್ಕದ ಮನೆಯವಳು. ಅವತ್ತು ಅವಳು ಕುಣಿದಷ್ಟು ಮದುಮಗಳ ತಂಗಿಯೂ ಕುಣಿಯಲಿಲ್ಲ. ಅವಳ ಬಿಲ್ಲೆ ಹದಿನಾಲ್ಕು.

ಮುಂದಿನ ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ಜಲ್ವಿ ಓಣಿಯ ಒಂಬತ್ತು ಗಂಡಸರನ್ನು ಊಟಕ್ಕೆ ಕರೆದಿದ್ದ. ಅಡುಗೆಗೆ ನಾನೂ ಹೋಗಿದ್ದೆ. ಕೆಂಪಕ್ಕಿ ಅನ್ನ, ಕುರಿ ಮಾಂಸ, ಮೇಲೆ ಒಣದ್ರಾಕ್ಷಿ. ಫುಟ್‌ಬಾಲ್ ಆಟ ಶುರುವಾಗಲು ಹೊತ್ತಿತ್ತು. ಜಲ್ವಿ ಟೀವಿ ಹಚ್ಚಿಟ್ಟು, ತಟ್ಟೆ ಎತ್ತಿಕೊಳ್ಳಲು ಅಡುಗೆಮನೆಗೆ ಬಂದ. ಹತ್ತು ಜನ ಸುತ್ತ ಕೂತು ಉಣ್ಣುವ ಅಂಥ ತಟ್ಟೆಗೆ ಇಬ್ಬರು ಬೇಕು, ಇವನಿಗೆ ಹಮ್ಮು, ಒಬ್ಬನೇ ಎತ್ತುತ್ತೇನೆ ಎಂದು ಕೂತು ಎದ್ದು ಒದ್ದಾಡುತ್ತಿದ್ದ. ಮಜ್ಲಿಸ್‌ನ ಒಳಬಾಗಿಲು ಎರಡು ಬೆರಳಷ್ಟು ತೆರೆದಿತ್ತು. ಎರಡನೇ ಸುತ್ತಿನ ಕಾಫಿ ಹೂಜಿಯನ್ನು ಒಳಗೆ ಸರಿಸಲು ನಾನು ಆ ಸಂದಿಯ ಬಳಿ ಹೋದೆ.

ಒಳಗೆ ಸಂಗೀತ ಕೇಳಿಸಿತು, ಮೆತ್ತನೆಯ ಪಿಯಾನೋ. ಯಾರೂ ಮುಟ್ಟದೆ ಬಿಟ್ಟರೆ ಆ ಟೀವಿ ತಾನೇ ಚಿತ್ರಗಳನ್ನು ತೋರಿಸುತ್ತದೆಂದು ಆಮೇಲೆ ಗೊತ್ತಾಯಿತು. ಮೊದಲು ಖರ್ಜೂರದ ತೋಟ, ಜಲ್ವಿಯ ಮಕ್ಕಳು, ಅವನ ಹಳೆಯ ಕಾರು. ಆಮೇಲೆ ಪರದೆಯ ಮೇಲೆ ಸುಂದರವಾದ ಅಕ್ಷರಗಳಲ್ಲಿ ಬಂತು: ನಿಮ್ಮ ಈ ತಿಂಗಳ ಸವಿನೆನಪುಗಳು.

ಬಿಲ್ಲೆ ಒಂಬತ್ತು. ಬಿಲ್ಲೆ ಹನ್ನೊಂದು. ಗೋಡೆಯಷ್ಟು ದೊಡ್ಡ ಮುಖ, ಬರಿಯ ತೋಳು, ಬಿಚ್ಚಿದ ಕೂದಲು, ಗಲ್ಲದ ಕೆಳಗೆ ಹಿತ್ತಾಳೆ ಸಂಖ್ಯೆ.

ಒಂಬತ್ತು ಗಂಡಸರು ಏನು ಮಾಡಿದರು ಗೊತ್ತೇ? ಏನೂ ಮಾಡಲಿಲ್ಲ. ಒಂಬತ್ತು ತಲೆಗಳು ಒಟ್ಟಿಗೆ ಬಗ್ಗಿದವು. ಒಂಬತ್ತು ಜೊತೆ ಕಣ್ಣುಗಳು ರತ್ನಗಂಬಳಿಯ ಹೂವುಗಳನ್ನು ಎಣಿಸತೊಡಗಿದವು. 'ಆರಿಸಿ' ಎಂದು ಯಾರೂ ಕೂಗಲಾರರು. ಕೂಗಿದರೆ ನೋಡಿದೆ ಎಂದಾಯಿತು. ಇನ್ನು ತನ್ನ ಹೆಂಡತಿಯ ಮುಖ ಬಂದಾಗ ಕೂಗಿದರಂತೂ ಮುಗಿದೇಹೋಯಿತು, ಇದು ಯಾರ ಹೆಂಡತಿ ಎಂದು ಉಳಿದ ಎಂಟು ಜನಕ್ಕೆ ತಾನೇ ಸಾರಿದಂತೆ. ರಿಮೋಟು ನಡುವಿನ ಮೇಜಿನ ಮೇಲೆ ಎಲ್ಲರ ಕೈಗೆಟಕುವಂತಿತ್ತು. ಒಬ್ಬನೂ ಮುಟ್ಟಲಿಲ್ಲ. ನಮ್ಮ ಗಂಡಸರ ಮಾನದ ಪ್ರಜ್ಞೆ ಅಂಥಾದ್ದು, ಅದು ಹೆಂಗಸರನ್ನು ಕಾಪಾಡುವುದರಲ್ಲಿ ಎಷ್ಟು ಮುಳುಗಿರುತ್ತದೆಂದರೆ ಕಾಪಾಡಬೇಕಾದಾಗ ಅದಕ್ಕೆ ಕೈಯೇ ಏಳುವುದಿಲ್ಲ.

ಹಿರಿಯನೊಬ್ಬ ಗಂಬಳಿಯನ್ನು ಮಾತಾಡಿಸಿದ. "ಈ ಸಲ ಖರ್ಜೂರ ಹೇಗೆ?"

"ಚೆನ್ನಾಗಿದೆ," ಎಂದಿತು ಇನ್ನೊಂದು ಬಗ್ಗಿದ ತಲೆ.

"ನೀರು?"

"ಇದೆ."

ಬಿಲ್ಲೆ ಹನ್ನೆರಡು. ಬಿಲ್ಲೆ ಹದಿನಾಲ್ಕು. ಕಡುಹಸಿರು ಗೌನು, ಒಂದು ಕಡೆಗೆ ಎತ್ತಿದ ಗಲ್ಲ. ಮುದಾವಿಯ ಗಂಡ ದುಖೈಲ್ ಮೂಲೆಯಲ್ಲಿ ಕುಳಿತಿದ್ದ. ಬಗ್ಗಿದ ಅವನ ತಲೆ ಒಂದು ಕ್ಷಣ ಮೇಲೆದ್ದಿತು. ಕೈಯಲ್ಲಿದ್ದ ಬಟ್ಟಲು ವಾಲಿ ಬಿಸಿ ಕಾಫಿ ತೊಡೆಯ ಮೇಲೆ ಹರಿಯಿತು. ಮನುಷ್ಯ ಮಿಸುಕಲಿಲ್ಲ.

ನಾನು ತಿರುಗಿ, ಅಡುಗೆಮನೆಯಿಂದ ಹಿಂದೆಯೇ ಬಂದಿದ್ದ ತರ್ಫಾಳ ತೋಳು ಹಿಡಿದೆಳೆದು ಸಂದಿಯಲ್ಲಿ ತೋರಿಸಿದೆ. ಅವಳಿಗೆ ಅರ್ಥವಾಗಲು ಒಂದು ಬಿಲ್ಲೆಯ ಹೊತ್ತು ಹಿಡಿಯಿತು. "ನನ್ನ ಬಿಲ್ಲೆಗಳು," ಎಂದಳು, ಉಸಿರಿನಲ್ಲಿ. ಊಟಕ್ಕೆ ಹಾಸುವ ಪ್ಲಾಸ್ಟಿಕ್ ಸುರುಳಿ ಅವಳ ಕೈಯಲ್ಲಿತ್ತು. ಬಾಗಿಲು ನೂಕಿ ಹಾಗೇ ಒಳಗೆ ನುಗ್ಗಿದಳು. ಮುಖಕ್ಕೆ ಪರದೆ ಇಲ್ಲ, ತಲೆಯ ಬಟ್ಟೆ ಕುತ್ತಿಗೆಗೆ ಜಾರಿದೆ, ಮೊಣಕೈವರೆಗೆ ಕುರಿಯ ಕೊಬ್ಬು. ಹದಿಮೂರನೆಯ ವಯಸ್ಸಿನಿಂದ ಹೊರಗಿನ ಗಂಡಸು ಆ ಮುಖ ಕಂಡಿರಲಿಲ್ಲ. ಪ್ಲಾಸ್ಟಿಕ್ಕನ್ನು ಬಿಚ್ಚಿ ಟೀವಿಯ ಮೇಲೆಸೆದಳು. ಅದು ಗಾಜಿನಂತೆ ಪಾರದರ್ಶಕ, ಬಿಲ್ಲೆ ಹದಿನಾರು ಅದರ ಹಿಂದಿನಿಂದಲೂ ನಗುತ್ತಿದ್ದಳು. ಆಗ ತರ್ಫಾ ಟೀವಿಗೆ ಬೆನ್ನು ಕೊಟ್ಟು, ಎರಡೂ ತೋಳು ಚಾಚಿ, ಗಂಡಸರ ಕಡೆ ಮುಖ ಮಾಡಿ ನಿಂತಳು. ಐದಡಿಯ ಮುದುಕಿ ಎಷ್ಟು ತಾನೆ ಮುಚ್ಚಿಯಾಳು? ಅವಳ ಎರಡೂ ಬದಿಯಿಂದ ಬೇರೆಯವರ ಭುಜ, ಕೂದಲು ಇಣುಕುತ್ತಿದ್ದವು. ನನಗೆ ಅಳು ಬಂತು, ಅವತ್ತಿನವರೆಗೆ ಅವಳನ್ನು ಆಡಿಕೊಂಡು ನಕ್ಕದ್ದಕ್ಕೆಲ್ಲ ಸೇರಿ ಬಂತು.

ಜಲ್ವಿ ತಟ್ಟೆ ಹೊತ್ತು ಬಂದ. "ಅಮ್ಮಾ?" ಎಂದವನೇ ತಟ್ಟೆ ಇಳಿಸಿ ಟೀವಿಯ ತಂತಿ ಕಿತ್ತ. ಆಮೇಲೆ ಎಲ್ಲರೂ ಊಟ ಮಾಡಿದರು. ಅನ್ನ ಚೆನ್ನಾಗಿದೆ ಎಂದು ಒಂಬತ್ತು ಜನವೂ ಅನ್ನಕ್ಕೇ ಹೇಳಿದರು.

ಸಂಜೆ ಜಲ್ವಿ ತಾಯಿಯ ಮುಂದೆ ಕುಳಿತು ಸಮಾಧಾನ ಹೇಳಿದ. "ಯಾರೂ ಬಾಯಿ ಬಿಡಲ್ಲಮ್ಮ. ಬಿಟ್ರೆ ತನ್ನ ಹೆಂಡತೀನೂ ಅಲ್ಲಿದ್ಲು ಅಂತ ಒಪ್ಕೊಂಡ ಹಾಗೆ. ಎಲ್ಲಾ ಅಳಿಸ್ತಿದೀನಿ, ಅಲ್ಲಿಂದಾನೂ. ನೀನು ಸುಮ್ನಿದ್ರೆ ಸಾಕು."

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಅವನು ಗುಪ್ತಪದವನ್ನೂ ಬದಲಿಸಿದ. ಹೊಸದು ಯಾವುದೆಂದು ಕೇಳಿದೆ. 'ಜಲ್ವಿ ಒಂದು' ಎಂದ.

ಆದರೆ ಅವನ ಲೆಕ್ಕ ಸರಿಯಿತ್ತು. ಗಂಡಸರು ಬಾಯಿ ಬಿಡಲಿಲ್ಲ. ತರ್ಫಾ ಸುಮ್ಮನಿದ್ದರೆ ಅವಳ ಬಾಗಿಲು, ಅವಳ ಹತ್ತೊಂಬತ್ತು ವರ್ಷ, ಅವಳ ಹೆಸರು ಎಲ್ಲವೂ ಉಳಿಯುತ್ತಿದ್ದವು. ಸುಮ್ಮನಿರಲು ಅವಳು ಪ್ರಯತ್ನವನ್ನೂ ಪಟ್ಟಳು. ಫೋಟೋ ತೆಗೆಯುವುದನ್ನು ನಿಲ್ಲಿಸಿದಳು, ಕಣ್ಣುಗಳು ಒಳಕ್ಕೆ ಹೋದವು, ನನ್ನ ಜೊತೆ ಜಗಳವಾಡುವುದನ್ನೂ ಬಿಟ್ಟಳು. ಅದು ಒಳ್ಳೆಯ ಲಕ್ಷಣವಲ್ಲ ಎಂದು ನನಗೆ ಗೊತ್ತಿತ್ತು.

ಮೂರು ವಾರಕ್ಕೆ ಇನ್ನೊಂದು ಮದುವೆ ಬಂತು. ಬಾಗಿಲ ಮುಂದೆ ಸಾಲು. ಮುದಾವಿ ಎಲ್ಲರನ್ನೂ ದಾಟಿಕೊಂಡು ಮುಂದೆ ಬಂದಳು, ಮುಖ ಕೆಂಡದಂತಿತ್ತು.

"ಖಾಲಾ, ನಿಮ್ಮ ಹತ್ರ ಒಂದು ಕೆಲಸ ಇದೆ. ಹಿಂದೆ ನಮ್ಮ ನಾದಿನಿ ನೌಫ್ ಬರ್ತಿದಾಳೆ. ಅವಳ ಮೈಯೆಲ್ಲ ತಡಕಿ ನೋಡಿ. ತುರುಬು ಬಿಚ್ಚಿಸಿ. ಎಲ್ಲರ ಎದುರಿಗೇ ಬಿಚ್ಚಿಸಿ."

"ಯಾಕಮ್ಮ?"

"ಹೋದ ಮದುವೇಲಿ ಕದ್ದು ನನ್ನ ಫೋಟೋ ತೆಗೆದು ಅಣ್ಣಂಗೆ ತೋರ್ಸಿದಾಳೆ. ಹನ್ನೊಂದು ವರ್ಷ ಆಯ್ತು ಮದುವೆಯಾಗಿ. ನಾನು ತಲೆ ಬೋಳಿಸ್ಕೊಂಡ್ರೂ ಗೊತ್ತಾಗದ ಗಂಡಸು ಅದು. ಅವತ್ತೊಂದಿನ ಕೇಳ್ತಾನೆ, ಆ ಹಸಿರು ಗೌನು ಎಲ್ಲಿ, ಅದನ್ನ ಹಾಕ್ಕೊಂಡು ಯಾರ್ಯಾರ ಮುಂದೆ ಓಡಾಡ್ದೆ ಅಂತ. ಅದನ್ನ ಕೊಂಡಿದ್ದು ನಂಗೆ, ನೌಫ್‌ಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಮೂರು ವಾರದಿಂದ ಅವನು ನನ್ನ ಹತ್ರ ಮಾತಿಲ್ಲ, ನಾನು ಅವಳ ಹತ್ರ ಮಾತಿಲ್ಲ. ಇವತ್ತು ತೀರ್ಮಾನ ಆಗ್ಲಿ."

ನೌಫ್ ಸಾಲಿನಲ್ಲಿ ನಾಲ್ಕನೆಯವಳಾಗಿ ನಿಂತಿದ್ದಳು. ಇಪ್ಪತ್ತರ ಹುಡುಗಿ. ಎಲ್ಲವೂ ಕೇಳಿಸಿತ್ತು. ಸಾಲಿನವರು ಅವಳಿಂದ ಒಂದೊಂದು ಹೆಜ್ಜೆ ಸರಿದು ನಿಂತರು. ನಮ್ಮಲ್ಲಿ ಅಷ್ಟು ಸಾಕು, ತೀರ್ಪಾದ ಹಾಗೆಯೇ.

ನಾನು ತರ್ಫಾಳನ್ನು ನೋಡಿದೆ, ತರ್ಫಾ ನನ್ನನ್ನು ನೋಡಿದಳು. ಬೇಡ ಎಂದು ತಲೆಯಾಡಿಸಿದೆ. ಹೌದು, ನಾನೇ. ಹುಡುಗಿಯ ತುರುಬು ಬಿಚ್ಚಿಸಿದರೆ ಏನೂ ಸಿಗುವುದಿಲ್ಲ, ನಾಲ್ಕು ದಿನ ಗುಸುಗುಸು ನಡೆದು ಅಡಗುತ್ತದೆ ಎಂದುಕೊಂಡೆ. ಕಾಫಿ ಬಗ್ಗಿಸುವವಳಿಗೆ ನಾಳೆಯೂ ಬಗ್ಗಿಸಬೇಕಲ್ಲ.

ತರ್ಫಾ ಕುರ್ಚಿಯಿಂದ ಎದ್ದಳು. "ಆ ಹುಡುಗೀನ ಬಿಡು. ನಿನ್ನ ಫೋಟೋ ತೆಗೆದಿದ್ದು ನಾನು. ನೀನೇ ಗಲ್ಲ ಎತ್ತಿ ನಿಂತಿದ್ದೆ. ಅದು ನನ್ನ ಮಗನ ಟೀವಿಗೆ ಹೋಯ್ತು. ನಿನ್ನ ಗಂಡ ಅಲ್ಲಿದ್ದ. ಒಂಬತ್ತು ಜನ ಇದ್ರು. ಒಂಬತ್ತು, ಹನ್ನೊಂದು, ಹನ್ನೆರಡು, ಹದಿನಾಲ್ಕು, ಹದಿನೈದು, ಹದಿನಾರು, ಇಷ್ಟು ಬಿಲ್ಲೆ. ಹದಿನೇಳಕ್ಕೆ ತಂತಿ ಕಿತ್ವಿ. ನಾನು ಬೇಕಂತ ಮಾಡ್ಲಿಲ್ಲ. ಮಾಡಿದ್ದಂತೂ ನಾನೇ."

ನಲವತ್ತು ಹೆಂಗಸರ ಸಾಲಿನಲ್ಲಿ ಯಾವ ಬಿಲ್ಲೆ ತನ್ನದಾಗಿತ್ತೆಂದು ಒಬ್ಬೊಬ್ಬಳೂ ಮನಸ್ಸಿನಲ್ಲೇ ಹುಡುಕುತ್ತಿದ್ದಳು.

ಮುದಾವಿ ಕೂಗಾಡಲಿಲ್ಲ. "ನಿಮ್ಮನ್ನ ನಂಬಿ ಕೂದಲು ಬಿಚ್ಚಿದ್ವಿ ಖಾಲಾ," ಎಂದಳು. ಆಮೇಲೆ ಹಿಂದೆ ಹೋಗಿ ನೌಫ್‌ಳ ಕೈ ಹಿಡಿದುಕೊಂಡಳು. ಹುಡುಗಿ ಕೈ ಬಿಡಿಸಿಕೊಂಡಳು. ಮುದಾವಿ ಮತ್ತೆ ಹಿಡಿದಳು.

ಅವತ್ತು ಯಾರೂ ಅಬಾಯಾ ತೆಗೆಯಲಿಲ್ಲ. ಮುನ್ನೂರು ಹೆಂಗಸರು ಕಪ್ಪು ಬಟ್ಟೆಯಲ್ಲೇ ಕುಳಿತು ಮದುಮಗಳನ್ನು ನೋಡಿದರು. ದಫ್ಫಿನವರು ಬಡಿದೂ ಬಡಿದೂ ಕೈ ಸೋತು ನಿಲ್ಲಿಸಿದರು. ಬಿಳಿ ಉಡುಪಿನ ಮದುಮಗಳು ಒಬ್ಬಳೇ ಎತ್ತರದ ಪೀಠದ ಮೇಲೆ ಅಳುತ್ತಿದ್ದಳು. ನಾನು ಹೂಜಿ ಹಿಡಿದು ಒಂದು ಸುತ್ತು ಬಂದೆ, ಒಬ್ಬರೂ ಬಟ್ಟಲು ಚಾಚಲಿಲ್ಲ. ವಾಪಸ್ಸು ಬಂದು ನೋಡಿದರೆ ಬಾಗಿಲಲ್ಲಿ ಕುರ್ಚಿ ಖಾಲಿ, ಗೂಡಿನ ಬೀಗದ ಕೈಗೊಂಚಲು ಅದರ ಮೇಲಿತ್ತು.

ಅರಮನೆಯ ಮಾಲೀಕ ಅಬು ಸತ್ತಾಮ್ ಚುರುಕಿನ ಮನುಷ್ಯ. ಹೆಂಗಸರನ್ನು ನಂಬಿದ್ದೇ ತಪ್ಪಾಯಿತು, ಇನ್ನು ಯಂತ್ರವೇ ಸರಿ ಎಂದ. ಎರಡು ತಿಂಗಳಲ್ಲಿ ಬಾಗಿಲಿಗೆ ಒಂದು ಗಾಜಿನ ಯಂತ್ರ ಬಂತು, ಪಕ್ಕದಲ್ಲಿ ಬೀಗವೇ ಇಲ್ಲದ ಉಕ್ಕಿನ ಗೂಡುಗಳು. ಹೆಸರು, ಹುಟ್ಟಿದ ದಿನ, ಫೋನ್ ಸಂಖ್ಯೆ ಒತ್ತಬೇಕು, ಮುಖದ ಬಟ್ಟೆ ತೆಗೆದು ಗಾಜಿಗೆ ಮುಖ ತೋರಿಸಬೇಕು. ಮುಖವೇ ಗೂಡಿನ ಬೀಗದ ಕೈ. ಕೆಳಗೆ ಒಂದು ಮೊಳ ಉದ್ದದ ಬರಹ, ಅದರ ಕೆಳಗೆ 'ಒಪ್ಪಿದ್ದೇನೆ'. ಯಂತ್ರದ ಹಣೆಯ ಮೇಲೆ ಬಂಗಾರದ ಅಕ್ಷರಗಳಲ್ಲಿ, ನಿಮ್ಮ ಮಾನ ನಮಗೆ ಅಮೂಲ್ಯ.

ಹೆಂಗಸರಿಗೆ ಬಹಳ ಹಿಡಿಸಿತು. ಯಂತ್ರಕ್ಕೆ ಮಗನಿಲ್ಲ, ಮಗನಿಗೆ ಟೀವಿ ಇಲ್ಲ ಎಂದು ಹೇಳಿಕೊಂಡು ನಕ್ಕರು. ಸಾಲಾಗಿ ನಿಂತು ಒತ್ತಿದರು, ಒಳಗೆ ಹೋದರು, ಅಬಾಯಾ ಗೂಟಕ್ಕೆ ಹಾಕಿದರು, ಕುಣಿದರು. ತರ್ಫಾಳ ಕಾಲಕ್ಕಿಂತ ಜಾಸ್ತಿಯೇ ಕುಣಿದರು.

ಕಳೆದ ತಿಂಗಳು ತರ್ಫಾಳ ತಂಗಿಯ ಮಗಳ ಮದುವೆ, ಅದೇ ಅರಮನೆಯಲ್ಲಿ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವಳು ಆ ಬಾಗಿಲಿಗೆ ಅತಿಥಿಯಾಗಿ ಬಂದಳು. ಯಂತ್ರದ ಪಕ್ಕದಲ್ಲಿ ಸಮವಸ್ತ್ರದ ಹೊಸ ಹುಡುಗಿ.

"ಇಲ್ಲಿ ಮುಖ ಇಡಿ ಖಾಲಾ."

"ಇಟ್ರೆ ಅದು ಎಲ್ಲಿಗೆ ಹೋಗುತ್ತಮ್ಮ?"

"ಎಲ್ಲಿಗೂ ಹೋಗಲ್ಲ. ಕಂಪನೀಲಿ ಇರುತ್ತೆ."

"ಯಾವ ಕಂಪನಿ?"

"ಗೊತ್ತಿಲ್ಲ ಖಾಲಾ. ಬೇರೆ ದೇಶದ್ದು ಇರ್ಬೇಕು. ಒಪ್ಪಿದ್ದೇನೆ ಅಂತ ಒತ್ತಿ, ಹಿಂದೆ ಜನ ಇದಾರೆ."

"ಆ ಕಂಪನಿಯವರ ಟೀವಿ ಯಾರ ಮಜ್ಲಿಸ್‌ನಲ್ಲಿದೆ, ಅದು ಗೊತ್ತಾ?"

ಹುಡುಗಿ ಕಿಸಕ್ಕನೆ ನಕ್ಕಳು. ಹಿಂದಿನ ಸಾಲು ರೇಗಿತು. "ಬೇಗ ಒತ್ತಿ ಉಮ್ಮ್ ಜಲ್ವಿ! ನೀವು ನಮಗೆ ಮಾನದ ಪಾಠ ಹೇಳೋಕೆ ಬಂದ್ರಾ?" ಎಂದು ಯಾರೋ ಚುಚ್ಚಿದರು. ತರ್ಫಾ ಚೀಲ ಬಿಚ್ಚಿ ತೋರಿಸಿದಳು, ಅದರಲ್ಲಿ ಫೋನೇ ಇರಲಿಲ್ಲ. ಫೋನಿಲ್ಲದವರಿಗೆ ಗೂಡು ಬೇಡ, ಗೂಡು ಬೇಡದವರನ್ನು ಏನು ಮಾಡಬೇಕು ಎಂದು ಯಂತ್ರದ ಹುಡುಗಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗೊಂದಲದಲ್ಲಿ ಬಿಟ್ಟುಬಿಟ್ಟಳು.

ಒಳಗೆ ಅವಳು ಗೋಡೆಗೆ ತಾಗಿದ ಕುರ್ಚಿಯಲ್ಲಿ ಅಬಾಯಾ ತೆಗೆಯದೆ ಕುಳಿತಳು. ಅಕ್ಕಪಕ್ಕದ ಕುರ್ಚಿಗಳು ಖಾಲಿಯಾದವು. ಸ್ವಲ್ಪ ಹೊತ್ತಿಗೆ ಮುದಾವಿ ಬಂದು ಆ ಖಾಲಿ ಕುರ್ಚಿಗಳಲ್ಲೊಂದರಲ್ಲಿ ಕುಳಿತಳು. ಅವಳೂ ಅಬಾಯಾ ತೆಗೆದಿರಲಿಲ್ಲ, ಕಾಲ ಬಳಿ ಕಡುಹಸಿರು ಅಂಚು ಒಂದು ಬೆರಳಷ್ಟು ಕಾಣುತ್ತಿತ್ತು. ಇಬ್ಬರೂ ಮುನ್ನೂರು ಜನ ಕುಣಿಯುವುದನ್ನು ನೋಡುತ್ತಿದ್ದರು.

ನಾನು ಹೂಜಿ ತಂದು ಬಗ್ಗಿಸಿದೆ.

"ಸಬೀಕಾ, ಕೆಲಸದವರೂ ಮುಖ ಕೊಡಬೇಕಂತೆ ಹೌದಾ?" ಎಂದಳು ತರ್ಫಾ.

"ಹೂಂ. ಕೊಡದೆ ಇದ್ರೆ ಕೆಲಸ ಇಲ್ಲ."

"ಒತ್ತಿದ್ಯಾ?"

"ಒತ್ತಿದೆ."

"ಏನು ಬರೆದಿತ್ತು ಅದರಲ್ಲಿ?"

ನಾನೆಲ್ಲಿ ಓದಿದ್ದೆ? ನಮ್ಮಲ್ಲಿ ಕಾಫಿ ಸಾಕು ಎನ್ನುವವರು ಬ‌ಟ್ಟಲನ್ನು ಅಲ್ಲಾಡಿಸಿ ಕೊಡುತ್ತಾರೆ. ಅಲ್ಲಾಡಿಸುವವರೆಗೆ ನಾವು ಬಗ್ಗಿಸುತ್ತಲೇ ಇರಬೇಕು. ತರ್ಫಾ ಕುಡಿದ ಬಟ್ಟಲನ್ನು ಮತ್ತೆ ಮತ್ತೆ ಚಾಚಿ ನನ್ನ ಮುಖ ನೋಡುತ್ತ ಕುಳಿತಿದ್ದಳು, ಅಲ್ಲಾಡಿಸಲಿಲ್ಲ. ಹೂಜಿ ಖಾಲಿಯಾಗುವವರೆಗೂ ನಾನು ಬಗ್ಗಿಸುತ್ತಲೇ ನಿಂತೆ.